ಇಂಗ್ಲಿಷ್ ಮೇಷ್ಟ್ರು ನಿಷೇಧಿಸಿದ ಮಾತು

ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ಹತ್ತನೇ ತರಗತಿಯಲ್ಲಿ ಒಂದು ಮಾತನ್ನು ನಿಷೇಧಿಸಿದ್ದರು. ಬೈಗುಳವಲ್ಲ, ಪೋಲಿ ಮಾತೂ ಅಲ್ಲ. ‘ತಪ್ಪಾಯ್ತು ಸಾ’ ಎಂಬ ಮಾತು. ಏನು ತಪ್ಪಾಗಿದೆ ಎಂದು ಗೊತ್ತಾಗುವ ಮೊದಲೇ ಅದನ್ನು ಹೇಳಿಬಿಡುವುದು ನಮ್ಮ ಕಡೆಯ ಮಕ್ಕಳ ಅಭ್ಯಾಸ. ಸ್ವಲ್ಪ ಗಟ್ಟಿಯಾಗಿ ಹೆಸರು ಕೂಗಿದರೆ ಸಾಕು, ಎದ್ದು ನಿಂತು ಕೈಕಟ್ಟಿಕೊಂಡು ಅಂದುಬಿಡುತ್ತಿದ್ದವು. ಹಾಜರಿ ಕೂಗುವಾಗ ಒಬ್ಬ ಹುಡುಗ ‘ಎಸ್ ಸಾ’ ಅನ್ನುವ ಬದಲು ‘ತಪ್ಪಾಯ್ತು ಸಾ’ ಅಂದದ್ದನ್ನು ನಾನೇ ಕೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಷ್ಟ್ರು ಮಾತ್ರ ನಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಟಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ನಾನು ಗಣಿತ ಹೇಳಿಕೊಡಲು ಸೇರಿದ್ದೆ. ಹೊಸ ನೇಮಕಾತಿ, ಇನ್ನೂ ಪ್ರೊಬೇಷನ್ನು. ನನ್ನ ಮನೆ ನಂಜನಗೂಡಿನಲ್ಲಿ, ಮೇಷ್ಟ್ರದೂ ಅಲ್ಲೇ ಬಾಡಿಗೆ ಮನೆ. ಅವರ ಹುಟ್ಟೂರು ದೇವನೂರಿನ ಕಡೆ. ದಿನಾ ಬೆಳಿಗ್ಗೆ ಒಂದೇ ಬಸ್ಸಿಗೆ ಹತ್ತುತ್ತಿದ್ದೆವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ ಕಿಟಕಿ ಪಕ್ಕದಲ್ಲಿ. ತೆಳ್ಳಗೆ, ಕಪ್ಪಗೆ, ಎತ್ತರಕ್ಕಿದ್ದರು. ತೋಳಿನ ಗುಂಡಿ ಹಾಕಿದ ಬಿಳಿ ಷರಟು, ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಸೀಮೆಸುಣ್ಣ. ಕೋಪ ಬಂದರೆ ಕನ್ನಡಕವನ್ನು ಹಣೆಗೆ ಏರಿಸುತ್ತಿದ್ದರು. ಎದುರಿಗಿದ್ದವರು ಸ್ಪಷ್ಟವಾಗಿ ಕಾಣದಿದ್ದರೆ ಬೈಯುವುದು ತಪ್ಪುತ್ತದೆಂಬುದು ಅವರ ಲೆಕ್ಕಾಚಾರ.

ಶನಿವಾರ ಬೆಳಗಿನ ಒಂದು ಪೀರಿಯಡ್ಡು ಅವರು ಪಠ್ಯಪುಸ್ತಕ ತೆಗೆಸುತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಇಂಗ್ಲಿಷಿನ ಒಂದು ಆಡುಮಾತು ಬರೆಯುತ್ತಿದ್ದರು. ಎಲ್ಲವೂ ಒಂದೇ ಜಾತಿಯವು: ಯಾರಾದರೂ ನಮ್ಮ ಮೇಲೆ ಆಪಾದನೆ ಹೊರಿಸಿದಾಗ, ಹೀಯಾಳಿಸಿದಾಗ, ನಮ್ಮನ್ನು ನಾವು ಉಳಿಸಿಕೊಳ್ಳುವ ಮಾತುಗಳು. ನನ್ನ ತರಗತಿ ಪಕ್ಕದ್ದೇ ಆಗಿದ್ದರಿಂದ ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು.

“‘ಡೋಂಟ್ ಟೇಕ್ ಇಟ್ ಲೈಯಿಂಗ್ ಡೌನ್.’ ಅಂಗಂದ್ರೇನು? ಯಾರೋ ಬೈತಾವ್ರೆ ಅಂತ ಚಾಪೆ ಮ್ಯಾಲೆ ಮಲೀಕಂಡೇ ಬೈಸ್ಕಬೇಡ, ಎದ್ದು ಕೂತ್ಕೊ ಅಂತ. ‘ಸ್ಟಿಕ್ ಟು ಯುವರ್ ಗನ್ಸ್.’ ಬಂದೂಕ ಬುಡಿ, ನಮ್ಮತ್ರ ಎಲ್ಲದೆ? ನಿಂದು ಸರಿ ಅಂತ ನಿಂಗೆ ಗೊತ್ತಿದ್ರೆ ಏಳಿದ್ದನ್ನೇ ಏಳು, ಅತ್ ಸಲ ಕೇಳಿದ್ರೂ ಅದ್ನೇ ಏಳು ಅಂತ.”

ಆಮೇಲೆ ನಾಟಕ. ಅವರೇ ಅಂಗಡಿಯವನಾಗಿ, ಬಸ್ ಕಂಡಕ್ಟರಾಗಿ, ಹೊಲದ ಯಜಮಾನನಾಗಿ ಒಂದೊಂದು ಮಗುವನ್ನೂ ಎದ್ದು ನಿಲ್ಲಿಸಿ ಗದರಿಸುತ್ತಿದ್ದರು. “ಲೇಯ್, ನೀನೇ ಕಣ್ಲಾ ನಮ್ ತೋಟದ್ ಬಾಗ್ಲು ತಗ್ದಿದ್ದು!” ಮಗು ‘ತಪ್ಪಾಯ್ತು’ ಅನ್ನಕೂಡದು. ಮಾಡಿದ್ದರೆ ಏನು ಮಾಡಿದೆ ಎಂದು ಹೇಳಬೇಕು, ಮಾಡದಿದ್ದರೆ ಬೋರ್ಡಿನ ಮಾತಿನಲ್ಲಿ ಉತ್ತರ ಕೊಡಬೇಕು. ಮೊದಲ ತಿಂಗಳು ಹುಡುಗರು ಬಾಯಿ ಬಿಡದೆ ನಿಂತವು. ಎರಡನೇ ತಿಂಗಳಿಗೆ ಆ ಪೀರಿಯಡ್ಡಿನಲ್ಲಿ ಗದ್ದಲವೋ ಗದ್ದಲ. ನಾನು ಒಂದೆರಡು ಸಲ ಗೋಡೆ ಕುಟ್ಟಿದ್ದೂ ಉಂಟು.

ಆ ಗದ್ದಲದಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು ಮಂಗಳ ಎಂಬ ಹುಡುಗಿಯದು. ಕೂಲಿ ಮಾಡುವವರ ಮಗಳು, ಕ್ಲಾಸಿಗೆ ಮೊದಲು. ಒಂದು ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳು ಓಡಿಬಂದಳು. ಹೆಡ್ ಮಾಸ್ಟರು ತಡವಾಗಿ ಬಂದವರನ್ನು ಸಾಲಾಗಿ ನಿಲ್ಲಿಸಿ ಸಮಯಪಾಲನೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದರು. ಅವರೇ ವಾರದಲ್ಲಿ ನಾಲ್ಕು ದಿನ ಎರಡನೇ ಬೆಲ್ಲಿಗೆ ಬರುವವರು. ಮಂಗಳ ತಲೆಯೆತ್ತಿ, “ಲುಕ್ ಹೂಸ್ ಟಾಕಿಂಗ್ ಸಾ” ಅಂದಳು. ಆ ‘ಸಾ’ ಸೇರಿಸಿದ್ದು ಗೌರವಕ್ಕೆ.

ಹೆಡ್ ಮಾಸ್ಟರಿಗೆ ಅರ್ಥವಾಗಲಿಲ್ಲ. ಆಫೀಸಿಗೆ ಬಂದು ಏನು ಅದರರ್ಥ ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತಡೆಯದೆ, “ನೀವೂ ಅದನ್ನೇ ಮಾಡ್ತೀರಲ್ಲ, ನಮಗೆ ಹೇಳೋಕೆ ಬಂದ್ರಾ ಅಂತ ಸಾರ್” ಅಂದುಬಿಟ್ಟೆ. ಅವರ ಮುಖ ಕೆಂಪಾಯಿತು. ಮೇಷ್ಟ್ರನ್ನು ಕರೆಸಿದರು.

“ಇಂಗ್ಲಿಷ್ ಹೇಳ್ಕೊಡ್ರೀ ಅಂದ್ರೆ ಎದುರು ಮಾತಾಡೋದು ಹೇಳ್ಕೊಡ್ತಾ ಇದ್ದೀರಾ?”

“ಎದುರು ಮಾತಲ್ಲ ಸಾ, ಉತ್ತರ” ಅಂದರು ಮೇಷ್ಟ್ರು.

ಅವತ್ತಿನಿಂದ ಹೆಡ್ ಮಾಸ್ಟರು ಅವರ ಮೇಲೆ ಒಂದು ಕಣ್ಣಿಟ್ಟರು.

ಇಂಗ್ಲಿಷೇ ಯಾಕೆ, ಕನ್ನಡದಲ್ಲಿ ಹೇಳಿಕೊಡಬಾರದೇ ಎಂದು ನಾನೊಮ್ಮೆ ಬಸ್ ಸ್ಟಾಪಿನಲ್ಲಿ ಕೇಳಿದ್ದೆ. ಬಸ್ಸು ತಡವಾಗಿತ್ತು, ಇಬ್ಬರೇ ಇದ್ದೆವು. ಅವರು ರಸ್ತೆಯ ಕಡೆ ನೋಡುತ್ತಲೇ ಹೇಳಿದರು. ಅವರ ತಂದೆ ಜೀವಮಾನವೆಲ್ಲ ಒಂದೇ ಮನೆಯ ಹೊಲದಲ್ಲಿ ದುಡಿದವರು. ಒಂದು ಬೆಳಿಗ್ಗೆ ಯಜಮಾನರ ಎತ್ತು ತಾನಾಗಿಯೇ ಹಗ್ಗ ಕಿತ್ತುಕೊಂಡು ಪಕ್ಕದವರ ಪೈರು ಮೇಯ್ದಿತ್ತು. ಆಗ ತಂದೆ ಅಲ್ಲಿರಲೇ ಇಲ್ಲ, ಜ್ವರದಲ್ಲಿ ಮನೆಯಲ್ಲಿ ಮಲಗಿದ್ದರು. ಆದರೂ ಎದ್ದುಹೋಗಿ ಬಾಗಿಲ ಹೊರಗೆ ನಿಂತು, ‘ತಪ್ಪಾಯ್ತು ಬುದ್ದೀ’ ಅಂದರು. ಮಗ ಪಕ್ಕದಲ್ಲೇ ನಿಂತಿದ್ದ.

“ನಾನೂ ಅಂದೆ ಕಣ್ರೀ ಮೇಡಂ, ನಮ್ಮಪ್ಪನ್ ಜೊತೆ. ಈಗ್ಲೂ ಯಾರಾದ್ರೂ ಗದರಿದ್ರೆ, ಕನ್ನಡದಲ್ಲಿ ಬಾಯ್ ತಗುದ್ರೆ ನಮ್ಮಪ್ಪನೇ ಮುಂದಾಗಿ ಮಾತಾಡ್ಬುಡ್ತಾನೆ. ಇಂಗ್ಲೀಷು ಅವ್ನಿಗ್ ಬರಲ್ಲ. ಅದ್ರಲ್ಲಾದ್ರೆ ನಾನೇ ಮಾತಾಡ್ಬೇಕು.”

ನಮ್ಮ ಮನೆಯ ಬಾಗಿಲ ಹೊರಗೂ ಹಾಗೆ ನಿಂತವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಇನ್ನು ಆ ಹನ್ನೊಂದು ದಿನದ ವಿಷಯಕ್ಕೆ ಬರಬೇಕು. ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ನಮ್ಮ ಶಾಲೆಯ ಕಾಗದಪತ್ರಗಳು ತಾಲ್ಲೂಕು ಶಿಕ್ಷಣ ಕಚೇರಿಗೆ ಅಂಚೆಯಲ್ಲಿ ಹೋಗುತ್ತಿರಲಿಲ್ಲ. ಯಾರು ನರಸೀಪುರಕ್ಕೆ ಹೊರಟಿದ್ದಾರೋ ಅವರ ಕೈಗೆ ಕೊಡುವುದು. ಇಲಾಖೆಯ ಮಾತಿನಲ್ಲಿ ಅದು ‘ಮುದ್ದಾಂ’. ಕೊಟ್ಟವರು ಬರೆದಿಟ್ಟುಕೊಳ್ಳುತ್ತಿರಲಿಲ್ಲ, ತೆಗೆದುಕೊಂಡವರು ಸೈನ್ ಹಾಕುತ್ತಿರಲಿಲ್ಲ. ನಮ್ಮವರೇ ಅಲ್ಲವೇ ಎಂಬ ಸಲಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗಳು ಹೋದ ಮೇಲೆ, ಏನೇನೋ ಕಾರಣಕ್ಕೆ ತಡವಾಗಿದ್ದ ಐದು ಅರ್ಜಿಗಳು ಉಳಿದಿದ್ದವು. ಕ್ಲಾಸ್ ಟೀಚರಾಗಿದ್ದ ಮೇಷ್ಟ್ರು ಅವನ್ನು ಭರ್ತಿ ಮಾಡಿಸಿದರು. ಕೊನೆಯ ದಿನ ನನಗೆ ನರಸೀಪುರದಲ್ಲಿ ಗಣಿತ ಶಿಕ್ಷಕರ ತರಬೇತಿ ಇತ್ತು. ಬಸ್ಸು ಬಂದುಬಿಟ್ಟಿತ್ತು. ಅವರು ಓಡಿಬಂದು ಕಿಟಕಿಯಿಂದ ಅರ್ಜಿಗಳನ್ನು ಕೊಟ್ಟರು, ನಾನು ಬ್ಯಾಗಿಗೆ ತುರುಕಿಕೊಂಡೆ. ತರಬೇತಿ ಮುಗಿಸಿಕೊಂಡು ಕಚೇರಿಗೆ ಹೋಗಿ, ಎಣಿಸದೆ ಕೈಗೆ ಸಿಕ್ಕಷ್ಟನ್ನು ತೆಗೆದುಕೊಟ್ಟು ಬಂದೆ.

ಹಾಲ್ ಟಿಕೆಟ್ಟುಗಳು ಬಂದಾಗ ಮಂಗಳನದು ಇರಲಿಲ್ಲ. ಅವಳ ತಾಯಿ ಶಾಲೆಯ ಮುಂದೆ ನಿಂತು ಅತ್ತರು. ಹೆಡ್ ಮಾಸ್ಟರು ಎಲ್ಲರನ್ನೂ ಆಫೀಸಿಗೆ ಕರೆದರು. ಮೇಷ್ಟ್ರು, “ಐದು ಅರ್ಜಿ ಮೇಡಂ ಕೈಗ್ ಕೊಟ್ಟಿದ್ದೆ” ಅಂದರು. ನಾನು, “ಕೊಟ್ಟಿದ್ದನ್ನೆಲ್ಲ ಕಚೇರಿಗೆ ಕೊಟ್ಟಿದ್ದೀನಿ ಸಾರ್” ಅಂದೆ. ಆ ಕ್ಷಣಕ್ಕೆ ಅದು ನನ್ನ ಮಟ್ಟಿಗೆ ನಿಜವೇ ಆಗಿತ್ತು. ಕಚೇರಿಗೆ ಫೋನ್ ಮಾಡಿದರೆ ನಾಲ್ಕೇ ಬಂದಿವೆ ಎಂದರು. ಹೆಡ್ ಮಾಸ್ಟರು ಕುರ್ಚಿಗೆ ಒರಗಿಕೊಂಡು, “ಹಂಗಾದ್ರೆ ನೀವು ನಾಲ್ಕೇ ಕೊಟ್ಟಿದ್ದೀರಾ ಮೇಷ್ಟ್ರೇ” ಎಂದು ತೀರ್ಪು ಕೊಟ್ಟರು.

ಆ ಸಂಜೆ ಮನೆಗೆ ಹೋಗಿ ತರಬೇತಿಯಲ್ಲಿ ಕೊಟ್ಟಿದ್ದ ಪ್ಲಾಸ್ಟಿಕ್ ಫೈಲನ್ನು ತೆಗೆದೆ. ಸುತ್ತೋಲೆಯ ಬೆನ್ನಿಗೆ ಅಂಟಿಕೊಂಡಂತೆ ಮಂಗಳನ ಅರ್ಜಿ ಇತ್ತು. ಫೋಟೊದಲ್ಲಿ ಅವಳು ಎರಡು ಜಡೆ ಹಾಕಿಕೊಂಡು ನೇರ ನನ್ನನ್ನೇ ನೋಡುತ್ತಿದ್ದಳು.

ಮನೆಯಲ್ಲಿ ದೊಡ್ಡಪ್ಪನಿಗೆ ತೋರಿಸಿದೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅವರು. ಊರಿನಲ್ಲಿ ವ್ಯಾಪಾರ, ಮಠದಲ್ಲಿ ಓಡಾಟ, ನಮ್ಮ ಹೆಡ್ ಮಾಸ್ಟರಿಗೂ ಪರಿಚಯ. ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

“ಬಾಯಿ ಮುಚ್ಕೊಂಡಿರು ಮಗ. ನಿಂದಿನ್ನೂ ಪರ್ಮನೆಂಟ್ ಆಗಿಲ್ಲ. ಆ ಮೇಷ್ಟ್ರಿಗೇನು, ಅವ್ರ ಕಡೆಯೋರು ಇದ್ದಾರೆ, ನೋಡ್ಕೋತಾರೆ.”

ನಾನು ಅರ್ಜಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಮಾರನೆಯ ದಿನ ಮೇಷ್ಟ್ರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, “ಮೇಡಂ, ಮನೇಲಿ ಒಂದ್ಸಲ ನೋಡ್ಬುಡಿ. ಎಲ್ಲಾರ ಸೇರ್ಕಂಡಿರ್ಬೋದು” ಅಂದರು. ದನಿಯಲ್ಲಿ ಆಪಾದನೆಯೇ ಇರಲಿಲ್ಲ. “ನೋಡಿದೆ ಸಾರ್, ಇಲ್ಲ” ಅಂದೆ. ಅವರು ತಲೆಯಾಡಿಸಿ ಹೋದರು. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ದಿನಗಳು ಹೋದ ಹಾಗೆಲ್ಲ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ಮರೆವು ಎನ್ನುತ್ತಿದ್ದರು. ಐದನೇ ದಿನ ಹೇಳಿದರೆ ಸುಳ್ಳು ಎನ್ನುತ್ತಾರೆ. ಹಾಗಂದುಕೊಂಡು ಆರನೇ ದಿನವನ್ನೂ ಕಳೆದೆ. ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ‘ಶನಿವಾರ ಆಟ ಆಡಿಸೋದ್ರಲ್ಲಿ ಅರ್ಜಿ ಎಲ್ಲಿ ನೆನಪಿರುತ್ತೆ’ ಎಂದು ಯಾರೋ ಅಂದರು. ಇನ್ನೊಬ್ಬರು, ‘ಇವ್ರಿಗೆಲ್ಲ ಜವಾಬ್ದಾರಿ ಕೊಟ್ಟರೆ ಇಷ್ಟೇ’ ಅಂದರು. ‘ಇವ್ರಿಗೆಲ್ಲ’ ಅಂದರೆ ಯಾರಿಗೆ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರ ವಂಶದಲ್ಲೇ ಅದು ಮೊದಲ ಸರ್ಕಾರಿ ನೌಕರಿ. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ.

ಎಂಟನೇ ದಿನ ಹೆಡ್ ಮಾಸ್ಟರು ತಾವೇ ಒಂದು ಕಾಗದ ಬರೆದಿಟ್ಟುಕೊಂಡು ಮೇಷ್ಟ್ರನ್ನು ಕರೆಸಿದರು. ‘ನನ್ನ ಅಜಾಗರೂಕತೆಯಿಂದ ಆದ ತಪ್ಪಿಗೆ ಕ್ಷಮೆ ಕೋರುತ್ತೇನೆ’ ಎಂಬ ಒಕ್ಕಣೆ.

“ಸೈನ್ ಹಾಕಿ ಮೇಷ್ಟ್ರೇ. ಒಂದು ಎಚ್ಚರಿಕೆ ಪತ್ರ ಬರುತ್ತೆ, ಅಲ್ಲಿಗೆ ಮುಗೀತು. ಇಲ್ಲಾಂದ್ರೆ ವಿಚಾರಣೆ ಬರುತ್ತೆ. ಸಸ್ಪೆಂಡ್ ಆಗ್ತೀರಾ, ಮಕ್ಕಳೊಂದಿಗರು ನೀವು.”

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟು ಅದರ ಮೇಲೆ ಪೇಪರ್ ವೆಯ್ಟ್ ಇಟ್ಟರು. “ಬರವಣಿಗೆ ಚೆನ್ನಾಗದೆ ಸಾ. ಇಸ್ಯ ಸರಿಯಾಗಿಲ್ಲ” ಅಂದು ಕ್ಲಾಸಿಗೆ ಹೋದರು. ಆ ಶನಿವಾರವೂ ಬೋರ್ಡಿನ ಮೂಲೆಯಲ್ಲಿ ಬರೆದರು. ‘ಸ್ಟ್ಯಾಂಡ್ ಯುವರ್ ಗ್ರೌಂಡ್.’ ಗೋಡೆಯಾಚೆ ಆ ದಿನ ಗದ್ದಲವಿರಲಿಲ್ಲ. ಮಕ್ಕಳಿಗೂ ಎಲ್ಲ ಗೊತ್ತಾಗಿತ್ತು.

ವಿಚಾರಣೆಯ ದಿನ ಬೆಳಿಗ್ಗೆ ನಾನು ಅರ್ಜಿಯನ್ನು ಬ್ಯಾಗಿಗೆ ಹಾಕಿಕೊಂಡು ಮೊದಲು ಹೊಳೆಗೆ ಹೋದೆ. ನೀರಿಗೆ ಬಿಟ್ಟುಬಿಡಬೇಕೆಂದೇ ಹೋದದ್ದು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಸ್ನಾನ ಮಾಡುವವರು ತುಂಬಿದ್ದರು. ಗುರುತಿನವರೊಬ್ಬರು ‘ಏನ್ ಟೀಚರಮ್ಮ, ಇಷ್ಟೊತ್ತಿಗೆ?’ ಅಂದರು. ಸುಮ್ಮನೆ ಪಾದ ತೊಳೆದುಕೊಂಡು ಬಸ್ಸಿಗೆ ಓಡಿದೆ. ನಾನು ಒಳ್ಳೆಯವಳಾಗಿ ಆ ಕಾಗದ ಉಳಿಯಲಿಲ್ಲ, ಜನ ಇದ್ದದ್ದರಿಂದ ಉಳಿಯಿತು.

ವಿಚಾರಣಾಧಿಕಾರಿ ವಯಸ್ಸಾದವರು, ಮಾತು ಕಡಿಮೆ. ಹೆಡ್ ಮಾಸ್ಟರ ಮೇಜಿನಲ್ಲಿ ಕೂತು ಬಿಳಿ ಹಾಳೆಯ ಮೇಲೆ ಗೆರೆ ಎಳೆದುಕೊಂಡರು. ನಾವೆಲ್ಲ ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ. ಬಾಗಿಲ ಹೊರಗೆ ಮಂಗಳ ಮತ್ತು ಅವಳ ತಾಯಿ. ಮೇಷ್ಟ್ರು ಎದ್ದು ನಿಂತು ಇಂಗ್ಲಿಷಿನಲ್ಲಿ ಶುರುಮಾಡಿದರು. ಮನೆಯಲ್ಲಿ ಬರೆದು ಅಭ್ಯಾಸ ಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ, ಎರಡು ವಾಕ್ಯ ಸರಾಗವಾಗಿ ಬಂತು. ಅಧಿಕಾರಿ ಕೈ ಎತ್ತಿದರು.

“ಕನ್ನಡದಲ್ಲಿ ಹೇಳಿ ಮೇಷ್ಟ್ರೇ. ನಾನು ಹೇಳಿಕೆ ಬರ್ಕೋಬೇಕು, ಅದು ಕನ್ನಡದಲ್ಲೇ ಇರ್ಬೇಕು.”

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು, ಮತ್ತೆ ಇಳಿಸಿದರು. ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಳ್ಳುತ್ತಿದ್ದವು, ಅವರು ಅವನ್ನು ಬಿಡಿಸಿ ಪಕ್ಕಕ್ಕೆ ಇಳಿಬಿಟ್ಟರು. ಬಸ್ ಸ್ಟಾಪಿನಲ್ಲಿ ಅವರು ಹೇಳಿದ್ದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೆಡ್ ಮಾಸ್ಟರು, “ಹೇಳಿ, ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಎಲ್ರಿಗೂ ಬಿಡುಗಡೆ” ಅಂದರು. ಅಧಿಕಾರಿ ಅವರನ್ನು ಒಮ್ಮೆ ನೋಡಿದರು. ಮೇಷ್ಟ್ರು ಆ ಮಾತು ಹೇಳಿಬಿಡುತ್ತಾರೆ ಅನ್ನಿಸಿತು. ಹೇಳಿಬಿಡಲಿ ಎಂದು ನಾನು ಬೇಡಿಕೊಂಡೆ, ನಿಜವಾಗಿಯೂ ಬೇಡಿಕೊಂಡೆ.

“ನಾನು ಐದು ಅರ್ಜಿ ಕೊಟ್ಟೆ ಸಾ” ಅಂದರು ಮೇಷ್ಟ್ರು. “ಎಣ್ಸಿ ಕೊಟ್ಟೆ. ಮಂಗಳಂದು ಮ್ಯಾಲ್ಗಡೆ ಇತ್ತು. ನಾನು ತಪ್ಪು ಮಾಡಿಲ್ಲ. ಮಾಡ್ದೆ ಇರೋ ತಪ್ಪ ನಮ್ಮಪ್ಪ ಒಪ್ಕತಿದ್ದ, ನಾನು ಒಪ್ಕಳಲ್ಲ. ಮೇಡಮ್ಮೋರು ಕಳ್ದಾಕವ್ರೆ ಅಂತಾನೂ ನಾನು ಏಳಲ್ಲ. ಯಾಕಂದ್ರೆ ನಾನು ಕಣ್ಣಲ್ಲಿ ನೋಡಿಲ್ಲ. ನೋಡ್ದೆ ಇರಾದ ಇನ್ನೊಬ್ರ ಮ್ಯಾಲೆ ಒರ್ಸಾಕಾಯ್ತದಾ? ನಂಗೆ ಗೊತ್ತಿರೋದು ಇಷ್ಟೇ. ನಾಳೆ ಕೇಳಿದ್ರೂ ಇಷ್ಟೇ ಏಳ್ತೀನಿ.”

ಅಧಿಕಾರಿ ಒಂದಕ್ಷರ ಬಿಡದೆ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಮೇಡಂ?” ಅಂದರು.

ಎದ್ದು ನಿಂತೆ. ‘ಕೊಟ್ಟಿದ್ದನ್ನೆಲ್ಲ ಕೊಟ್ಟೆ’ ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದು ಹೊರಡಲಿಲ್ಲ. ಬ್ಯಾಗು ತೆರೆದು ಅರ್ಜಿಯನ್ನು ಮೇಜಿನ ಮೇಲಿಟ್ಟೆ. “ನನ್ನತ್ರ ಇತ್ತು ಸಾರ್. ಹನ್ನೊಂದು ದಿನದಿಂದ ಗೊತ್ತಿತ್ತು” ಅಂದೆ.

ಅಧಿಕಾರಿ ಅರ್ಜಿಯನ್ನು ತಿರುಗಿಸಿ ನೋಡಿದರು. “ಮೊದಲನೇ ದಿನ ಇದು ಸಿಕ್ಕಿದ್ದಿದ್ರೆ ಮೇಲಿನೋರ ಹತ್ರ ಮಾತಾಡಿ ಹಾಲ್ ಟಿಕೆಟ್ ತರಿಸಬಹುದಿತ್ತು. ಪರೀಕ್ಷೆ ನಾಳಿದ್ದು. ಇನ್ನು ಜೂನಿಗೇ” ಅಂದರು.

ಮೇಷ್ಟ್ರ ಮೇಲಿನ ಆಪಾದನೆ ಅಲ್ಲಿಗೆ ಬಿದ್ದುಹೋಯಿತು. ನನಗೆ ಛೀಮಾರಿ ಪತ್ರ ಬಂತು, ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ದೊಡ್ಡಪ್ಪ ತಿಂಗಳುಗಟ್ಟಲೆ ನನ್ನೊಂದಿಗೆ ಮಾತಾಡಲಿಲ್ಲ. ಅದೆಲ್ಲ ಆಮೇಲಿನದು.

ಆ ಸಂಜೆ ಬಸ್ಸಿನಲ್ಲಿ ಮೇಷ್ಟ್ರು ಹಿಂದಕ್ಕೆ ಹೋಗಲಿಲ್ಲ. ನನ್ನ ಪಕ್ಕದ ಸಾಲಿನಲ್ಲಿ ಕೂತರು. ಬಸ್ಸು ಹೊರಟ ಮೇಲೆ, “ಯಾಕ್ ಮೇಡಂ, ಅನ್ನೊಂದು ದಿನ?” ಎಂದರು.

ನಾನು ಹೇಳತೊಡಗಿದೆ. ಪ್ರೊಬೇಷನ್ ಅಂದೆ. ದೊಡ್ಡಪ್ಪ ಅಂದೆ. ನಿಮಗೆ ಹೆಂಗೆ ಮುಖ ತೋರಿಸೋದು ಅಂತ ಭಯವಾಯ್ತು ಅಂದೆ. ಎಷ್ಟು ನಿಲ್ದಾಣ ದಾಟಿದವೋ, ನಾನು ಹೇಳುತ್ತಲೇ ಇದ್ದೆ. ಅವರು ಒಂದು ಸಲವೂ ನಡುವೆ ಬಾಯಿ ಹಾಕದೆ ಕೇಳಿದರು. ನಂಜನಗೂಡು ಹತ್ತಿರವಾದಾಗ ಎದ್ದು ಕಂಬಿ ಹಿಡಿದುಕೊಂಡರು.

“ನನ್ ಇಚಾರ ಬುಡಿ ಮೇಡಂ, ನಂದು ಮುಗೀತು. ಆ ಮಗೀಗೆ ಏನ್ ಏಳ್ತೀರಿ?”

ಅಷ್ಟು ದೂರವೂ ನಾನು ಮಂಗಳನ ಹೆಸರನ್ನೇ ಎತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

ಮರುದಿನ ಒಂದು ಬಸ್ಸು ಮುಂಚೆ ಹೋಗಿ ಅವಳ ಮನೆ ಹುಡುಕಿದೆ. ತಾಯಿ ಕೆಲಸಕ್ಕೆ ಹೋಗಿದ್ದರು. ಮಂಗಳ ಜಗುಲಿಯ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಈಗ ಬರೆಯಲಾಗದ ಪರೀಕ್ಷೆಗೆ ಓದುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ನಾನು ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅರ್ಜಿ ಸಿಕ್ಕಿದ್ದು, ಸೀರೆಗಳ ಕೆಳಗೆ ಇಟ್ಟದ್ದು, ಹೊಳೆಗೆ ಹೋದದ್ದು. ಯಾವ ಕಾರಣವನ್ನೂ ಕೊಡಲಿಲ್ಲ. ಜೂನಿನವರೆಗೆ ದಿನಾ ಬಂದು ಗಣಿತ ಹೇಳಿಕೊಡುತ್ತೇನೆ ಅಂದೆ.

ಅವಳು ನನ್ನ ಮುಖ ನೋಡುತ್ತಲೇ ಪೂರ್ತಿ ಕೇಳಿದಳು. ಅಳಲಿಲ್ಲ.

“ಬ್ಯಾಡ ಮಿಸ್. ನಾನೇ ಓದ್ಕತೀನಿ. ಇನ್ನ ನೀವ್ ಓಗಿ, ಒತ್ತಾಯ್ತದೆ” ಅಂದಳು. ಮತ್ತೆ ಕೂತು ಪುಸ್ತಕ ತೆಗೆದಳು.

ಸಂಜೆ ಬಸ್ಸಿನಲ್ಲಿ ಮೇಷ್ಟ್ರಿಗೆ ಇದನ್ನು ಹೇಳಿದೆ. ಸಮಾಧಾನದ ಒಂದು ಮಾತು ಬರುತ್ತದೇನೋ ಎಂಬ ಆಸೆ ನನಗಿದ್ದದ್ದು ನಿಜ. ಅವರು ಕಿಟಕಿಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡರು.

“ಸರಿಯಾಗ್ ಏಳವ್ಳೆ” ಅಂದರು.